‘ಪಕ್ಕದಲ್ಲೇ ಶಾಲೆ ಇದೆಯಲ್ಲ’: ಆರ್‌ಟಿಇ ಸೀಟಿನಿಂದ ಮ್ಯಾಗ್ನೆಟ್ ಶಾಲೆವರೆಗೆ

ಸರ್ಕಾರಿ ಶಾಲೆಗಳನ್ನು ಮುಚ್ಚುತ್ತಾರಂತೆ ಅನ್ನುವ ಸುದ್ದಿ ಒಂದು ಕಡೆ. ಒಂದು ಶಾಲೆಯನ್ನೂ ಮುಚ್ಚುವುದಿಲ್ಲ ಅನ್ನುವ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರ ಭರವಸೆ ಇನ್ನೊಂದು ಕಡೆ. ನಡುವೆ ‘ಕೆಪಿಎಸ್ ಮ್ಯಾಗ್ನೆಟ್ ಶಾಲೆ’ ಅನ್ನುವ ಹೊಸ ಹೆಸರು. ಚನ್ನಪಟ್ಟಣ ತಾಲೂಕಿನ ಹೊಂಗನೂರಿನ ಕರ್ನಾಟಕ ಪಬ್ಲಿಕ್ ಶಾಲೆಗೆ ಸುತ್ತಲಿನ ಶಾಲೆಗಳನ್ನು ಸೇರಿಸುವ ವಿಷಯ ಹೊರಬಿದ್ದ ಮೇಲಂತೂ ಊರೂರಲ್ಲಿ ಒಂದೇ ಪ್ರಶ್ನೆ: ನಮ್ಮ ಶಾಲೆ ಇರುತ್ತೋ, ಹೋಗುತ್ತೋ?

ಇದನ್ನು ಬರೀ ಶಾಲೆ ಮುಚ್ಚುವ ವಿಷಯ ಅಂತ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧ 2019ರ ಒಂದು ನಿಯಮದಲ್ಲಿದೆ. ಅವತ್ತು ಸರ್ಕಾರ ಬಡ ಮಕ್ಕಳಿಗೆ ಖಾಸಗಿ ಶಾಲೆಯ ಉಚಿತ ಸೀಟು, ಅಂದರೆ ಆರ್‌ಟಿಇ ಸೀಟು, ಬೇಡ ಅಂದದ್ದು ಒಂದೇ ಕಾರಣ ಕೊಟ್ಟು: ಪಕ್ಕದಲ್ಲೇ ಸರ್ಕಾರಿ ಶಾಲೆ ಇದೆಯಲ್ಲ. ಈಗ ಆ ಪಕ್ಕದ ಶಾಲೆಯೇ ದೂರ ಹೋಗುವ ಮಾತು ಬಂದಿದೆ. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ಪೂರ್ತಿ ಚಿತ್ರ ಸಿಗುವುದು.

ಮುಚ್ಚುವುದು ಬೇರೆ, ಸೇರಿಸುವುದು ಬೇರೆಯೇ?

ಕರ್ನಾಟಕ ಪಬ್ಲಿಕ್ ಶಾಲೆ, ಅಂದರೆ ಕೆಪಿಎಸ್, ಶುರುವಾದದ್ದು 2018-19ರಲ್ಲಿ. ಮೊದಲ ಕಂತಿನಲ್ಲಿ 176 ಶಾಲೆಗಳು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡಿನೊಳಗೆ ಓದು ಮುಗಿಯಬೇಕು ಅನ್ನುವುದು ಇದರ ಕಲ್ಪನೆ. ಐದನೇ ತರಗತಿ ಮುಗಿದಾಗ ಒಂದು ಟಿ.ಸಿ., ಏಳು-ಎಂಟಕ್ಕೆ ಇನ್ನೊಂದು ಟಿ.ಸಿ. ಅಂತ ಮಕ್ಕಳು ಶಾಲೆ ಬದಲಾಯಿಸುವಾಗಲೇ ಎಷ್ಟೋ ಮಂದಿ ಓದು ಬಿಡುತ್ತಾರೆ. ಅದನ್ನು ತಡೆಯುವ ಉದ್ದೇಶ ಒಳ್ಳೆಯದೇ. ಈ ಶಾಲೆಗಳಿಗೆ ಸೇರಿಸಲು ಪೋಷಕರು ಸಾಲು ನಿಲ್ಲುವುದೂ ಸುಳ್ಳಲ್ಲ. ಈಗ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಇಂಥ ನೂರಾರು ಶಾಲೆ ಕಟ್ಟುವ ಯೋಜನೆ ಇದೆ. ಸುತ್ತಲಿನ ಶಾಲೆಗಳನ್ನು ಸೇರಿಸಿಕೊಳ್ಳುವ ಇಂಥ ದೊಡ್ಡ ಶಾಲೆಗೇ ‘ಮ್ಯಾಗ್ನೆಟ್’ ಅನ್ನುವ ಹೆಸರು.

ತಕರಾರು ಇರುವುದು ದೊಡ್ಡ ಶಾಲೆ ಕಟ್ಟುವುದರ ಬಗ್ಗೆ ಅಲ್ಲ. ಅದರ ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು, ಶಿಕ್ಷಕರನ್ನು ಅಲ್ಲಿಗೆ ಕರೆತರುವ ಬಗ್ಗೆ.

ಇಲ್ಲಿ ಗೊಂದಲ ಹುಟ್ಟುವುದು ಪದದಿಂದ. ಇಲಾಖೆ ಬಳಸುವ ಪದ ‘ವಿಲೀನ’ ಅಥವಾ ‘ಸಂಯೋಜನೆ’. ಕಡತದಲ್ಲಿ ಶಾಲೆ ರದ್ದಾಗುವುದಿಲ್ಲ, ಇನ್ನೊಂದರ ಜೊತೆ ಸೇರುತ್ತದೆ. ಶಿಕ್ಷಕರ ಕೆಲಸ ಹೋಗುವುದಿಲ್ಲ. ಹಾಗಾಗಿ ‘ಮುಚ್ಚಿಲ್ಲ’ ಅನ್ನುವ ಮಾತು ಕಡತದ ಮಟ್ಟಿಗೆ ಸರಿ. ಆದರೆ ಊರಿನವರಿಗೆ ಶಾಲೆ ಅಂದರೆ ಬೆಳಿಗ್ಗೆ ಗಂಟೆ ಹೊಡೆಯುವ ಕಟ್ಟಡ. ಅಲ್ಲಿ ಪಾಠ ನಿಂತರೆ ಅವರ ಪಾಲಿಗೆ ಶಾಲೆ ಮುಚ್ಚಿದೆ, ಅಷ್ಟೇ. ಅದಕ್ಕೇ ಸಚಿವರ ಮಾತು ಮತ್ತು ಊರಿನವರ ಭಯ, ಎರಡೂ ಒಟ್ಟಿಗೇ ನಿಜವಾಗಿರಲು ಸಾಧ್ಯ.

ಸಣ್ಣ ಶಾಲೆ ಸಣ್ಣದಾಗಿದ್ದು ಹೇಗೆ

ಹತ್ತು-ಹದಿನೈದು ಮಕ್ಕಳಿರುವ ಶಾಲೆ ನಡೆಸುವುದು ದಂಡ ಅಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಅಲ್ಲಿ ಮೊದಲಿಂದಲೂ ಹತ್ತೇ ಮಕ್ಕಳಿರಲಿಲ್ಲ. ಅವರು ಹೋದದ್ದು ಎಲ್ಲಿಗೆ, ಯಾಕೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ 2 ಶಿಕ್ಷಕರು. ಒಂದರಿಂದ ಐದು, ಒಟ್ಟು ಐದು ತರಗತಿ. ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಭೆ, ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿ, ಗಣತಿ, ಚುನಾವಣಾ ಕೆಲಸ, ಎಲ್ಲವೂ ಅವರ ತಲೆ ಮೇಲೆ. ಹಾಗಾಗಿ ಎಷ್ಟೋ ದಿನ ಐದು ತರಗತಿಗೆ ಒಬ್ಬರೇ ಶಿಕ್ಷಕರು. ಅವರಿಗೆ ವರ್ಗಾವಣೆಯಾದರೆ ಬದಲಿಗೆ ಬರುವವರು ಅತಿಥಿ ಶಿಕ್ಷಕರು. ರಾಜ್ಯದಲ್ಲಿ ಪ್ರತಿ ವರ್ಷ ಹತ್ತಾರು ಸಾವಿರ ಅತಿಥಿ ಶಿಕ್ಷಕರನ್ನು ನಂಬಿಯೇ ಸರ್ಕಾರಿ ಶಾಲೆಗಳು ನಡೆಯುತ್ತಿವೆ.

ಇನ್ನು ಮಗುವಿನ ವಯಸ್ಸು. ಖಾಸಗಿ ಶಾಲೆ ಮೂರೂವರೆ-ನಾಲ್ಕು ವರ್ಷಕ್ಕೇ ಎಲ್‌ಕೆಜಿಗೆ ಸೇರಿಸಿಕೊಳ್ಳುತ್ತದೆ. ಹೆಚ್ಚಿನ ಊರುಗಳಲ್ಲಿ ಸರ್ಕಾರಿ ಶಾಲೆಯ ಬಾಗಿಲು ತೆರೆಯುವುದು ಒಂದನೇ ತರಗತಿಗೆ. ಅಷ್ಟು ಹೊತ್ತಿಗೆ ಮಗು ಎರಡು ವರ್ಷ ಹಳದಿ ಬಸ್ಸು ಹತ್ತಿ ರೂಢಿಯಾಗಿರುತ್ತದೆ. ಅಲ್ಲಿಂದ ಬಿಡಿಸಿ ಇಲ್ಲಿಗೆ ಸೇರಿಸುವ ತಂದೆ-ತಾಯಿ ಎಷ್ಟು ಮಂದಿ? ಅಂಗನವಾಡಿ ಇದೆ ನಿಜ. ಆದರೆ ಪೋಷಕರ ಕಣ್ಣಲ್ಲಿ ಅಂಗನವಾಡಿ ಶಾಲೆಯ ಮೊದಲ ಮೆಟ್ಟಿಲಾಗಿ ಕಾಣಲೇ ಇಲ್ಲ.

ಮೂರನೆಯದು ಇಂಗ್ಲಿಷ್. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1994ರ ಆದೇಶದಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಕಲಿಕೆಯ ಮಾಧ್ಯಮ ಅಂದಿತ್ತು. ಖಾಸಗಿ ಶಾಲೆಗಳು ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡಿದವು. 2006ರಲ್ಲಿ ಇಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಲು ಸರ್ಕಾರ ಹೊರಟಾಗ ದೊಡ್ಡ ಗದ್ದಲವೇ ಆಯಿತು. ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕು ಅನ್ನುವ ಆಯ್ಕೆ ತಂದೆ-ತಾಯಿಯದು, ಸರ್ಕಾರ ಮಾತೃಭಾಷೆಯನ್ನು ಹೇರುವಂತಿಲ್ಲ.

ಆದರೆ ಈ ಆಯ್ಕೆ ಸಿಕ್ಕಿದ್ದು ಫೀಸು ಕಟ್ಟುವ ಶಕ್ತಿ ಇದ್ದವರಿಗೆ ಮಾತ್ರ. ಕನ್ನಡ ಮಾಧ್ಯಮದ ಹೊಣೆ ಪೂರ್ತಿಯಾಗಿ ಸರ್ಕಾರಿ ಶಾಲೆಯ ಹೆಗಲಿಗೆ ಬಿತ್ತು. ಕೈಯಲ್ಲಿ ಸ್ವಲ್ಪ ದುಡ್ಡಿದ್ದವರು ಹೊರಟರು. ಮಕ್ಕಳು ಕಡಿಮೆಯಾದರು. ಮಕ್ಕಳು ಕಡಿಮೆಯಾದ್ದರಿಂದ ಶಿಕ್ಷಕರ ಹುದ್ದೆ ಕಡಿಮೆಯಾಯಿತು. ಶಿಕ್ಷಕರಿಲ್ಲ ಅಂತ ಉಳಿದವರೂ ಹೊರಟರು. ಸಣ್ಣ ಶಾಲೆ ಸಣ್ಣದಾಗಿದ್ದು ಹೀಗೆ.

ಒಂದು ಕಿಟಕಿ ತೆರೆದು ಮುಚ್ಚಿದ್ದು

ಬಡವರ ಮಕ್ಕಳಿಗೂ ಆಯ್ಕೆ ಬೇಕು ಅಂತ ಕಾನೂನು ಒಂದು ದಾರಿ ಮಾಡಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 12(1)(ಸಿ). ಅನುದಾನರಹಿತ ಖಾಸಗಿ ಶಾಲೆ ತನ್ನ ಆರಂಭದ ತರಗತಿಯಲ್ಲಿ ಕನಿಷ್ಠ ಶೇ 25 ಸೀಟನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಅದರ ಖರ್ಚನ್ನು ಒಂದು ಮಿತಿಯವರೆಗೆ ಸರ್ಕಾರ ಶಾಲೆಗೆ ಕಟ್ಟಿಕೊಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ 2012-13ರಿಂದ ಜಾರಿಗೆ ಬಂತು. ಒಂದನೇ ತರಗತಿಯ ಒಂದು ಮಗುವಿಗೆ ಸರ್ಕಾರ ಕೊಡುತ್ತಿದ್ದ ಮೊತ್ತ ಮೊದಲು ವರ್ಷಕ್ಕೆ 11,848 ರೂಪಾಯಿ, ಆಮೇಲೆ 16,000.

ಜನ ‘ಆರ್‌ಟಿಇ ಸೀಟು’ ಅನ್ನುವುದು ಇದಕ್ಕೇ. ಆಟೊ ಓಡಿಸುವವರು, ಮನೆಕೆಲಸ ಮಾಡುವವರು, ಗಾರೆ ಕೆಲಸದವರು ಆದಾಯ ಪ್ರಮಾಣಪತ್ರ ಹಿಡಿದು ಸೈಬರ್ ಸೆಂಟರಿನ ಮುಂದೆ ನಿಂತರು. ಲಾಟರಿಯಲ್ಲಿ ಹೆಸರು ಬಂದರೆ ಮಗುವಿಗೆ ಎಂಟನೇ ತರಗತಿವರೆಗೆ ಫೀಸಿಲ್ಲ. ವರ್ಷ ಕಳೆದಂತೆ ರಾಜ್ಯದಲ್ಲಿ ಇಂಥ ಸೀಟುಗಳು ಒಂದೂವರೆ ಲಕ್ಷದಷ್ಟಾದವು.

ತೊಂದರೆಗಳೂ ಇದ್ದವು. ಸಮವಸ್ತ್ರ, ಪುಸ್ತಕ, ‘ಚಟುವಟಿಕೆ ಶುಲ್ಕ’ ಅಂತ ಕೆಲವು ಶಾಲೆಗಳು ದುಡ್ಡು ಕೇಳಿದವು. ಸರ್ಕಾರದ ಹಣ ತಡವಾಗಿ ಬರುತ್ತದೆ ಅಂತ ಶಾಲೆಗಳು ದೂರಿದವು. ಒಂಬತ್ತನೇ ತರಗತಿಗೆ ಬಂದ ಕೂಡಲೇ ಪೂರ್ತಿ ಫೀಸು ಕಟ್ಟಿ ಅಂದಾಗ ಮನೆಯವರು ಕಂಗಾಲಾದರು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಮಾನ್ಯತೆಗೆ ಪೈಪೋಟಿ ಶುರುವಾಯಿತು. ಅಂದಹಾಗೆ ಆ ತೀರ್ಪೂ ಬಂದದ್ದು 2014ರ ಮೇ 6ರಂದೇ, ಕಲಿಕೆಯ ಮಾಧ್ಯಮದ ತೀರ್ಪು ಕೊಟ್ಟ ಅದೇ ಪೀಠದಿಂದ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ವಿನಾಯಿತಿಯ ಬಗ್ಗೆ ಅನುಮಾನ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠ ಪರಿಶೀಲಿಸಬೇಕು ಅಂದಿದ್ದಾರೆ.

ಇಷ್ಟೆಲ್ಲದರ ನಡುವೆ ಸರ್ಕಾರ ಇನ್ನೊಂದು ಲೆಕ್ಕ ಹಾಕಿತು. ವರ್ಷಕ್ಕೆ ನೂರಾರು ಕೋಟಿ ರೂಪಾಯಿ ಖಾಸಗಿ ಶಾಲೆಗೆ ಹೋಗುತ್ತಿದೆ. ಆ ಮಕ್ಕಳೇ ಸರ್ಕಾರಿ ಶಾಲೆಯಿಂದ ಕಡಿಮೆಯಾಗುತ್ತಿದ್ದಾರೆ. ನಮ್ಮ ದುಡ್ಡು ಕೊಟ್ಟು ನಮ್ಮ ಶಾಲೆಯನ್ನೇ ಖಾಲಿ ಮಾಡುವುದು ಯಾಕೆ? ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿರಲಿಲ್ಲ. ಕನ್ನಡ ಶಾಲೆಗಳ ಪರ ಇರುವ ಅನೇಕ ಬರಹಗಾರರು, ಶಿಕ್ಷಣ ತಜ್ಞರು ಕೂಡ ಇದನ್ನೇ ಹೇಳುತ್ತಿದ್ದರು. 2019ರ ಆರಂಭದಲ್ಲಿ ನಿಯಮ ತಿದ್ದುಪಡಿಯಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಕೇರಳದಲ್ಲಿ ಇಂಥದೇ ನಿಯಮ ಮೊದಲೇ ಇತ್ತು.

ಸರ್ಕಾರಿ ಶಾಲೆ ಇಲ್ಲದ ಊರು ಕರ್ನಾಟಕದಲ್ಲಿ ಎಷ್ಟಿದ್ದಾವು? ಒಂದೂವರೆ ಲಕ್ಷದಷ್ಟಿದ್ದ ಸೀಟು ಒಂದೇ ವರ್ಷದಲ್ಲಿ 20 ಸಾವಿರದೊಳಗೆ ಇಳಿಯಿತು. ಪೋಷಕರ ಪರವಾಗಿ ಹೈಕೋರ್ಟಿಗೆ ಹೋದ ಅರ್ಜಿಗಳು 2019ರ ಮೇ ತಿಂಗಳಲ್ಲಿ ವಜಾ ಆದವು.

ಮಹಾರಾಷ್ಟ್ರ ಇದೇ ದಾರಿ ಹಿಡಿಯಲು ಹೋಗಿ ಎಡವಿತು. ಸರ್ಕಾರಿ ಅಥವಾ ಅನುದಾನಿತ ಶಾಲೆಯಿಂದ 1 ಕಿಲೋಮೀಟರ್ ಒಳಗಿರುವ ಖಾಸಗಿ ಶಾಲೆಗಳಿಗೆ ವಿನಾಯಿತಿ ಕೊಡುವ ನಿಯಮವನ್ನು ಅಲ್ಲಿನ ಸರ್ಕಾರ 2024ರ ಫೆಬ್ರುವರಿಯಲ್ಲಿ ತಂದಿತು. ಅದೇ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲು ಒಪ್ಪಲಿಲ್ಲ. ಒಂದೇ ಕಾಯ್ದೆ, ಹೆಚ್ಚುಕಡಿಮೆ ಒಂದೇ ಥರದ ನಿಯಮ. ಬೆಳಗಾವಿಯ ಮಗುವಿಗೆ ಸಿಗದ ಸೀಟು ಕೊಲ್ಹಾಪುರದ ಮಗುವಿಗೆ ಸಿಗುತ್ತದೆ. ಪೋಷಕರಿಗೆ ತಲೆಬುಡ ಅರ್ಥವಾಗದಿರುವುದಕ್ಕೆ ಇದೂ ಒಂದು ಕಾರಣ.

ಖಾಸಗಿ ಶಾಲೆ ಸೇರಿದರೆ ಕಲಿಕೆ ಹೆಚ್ಚುತ್ತದೆಯೇ?

ಆಯ್ಕೆ ಕೊಟ್ಟರೆ ಶಾಲೆಗಳೂ ಸುಧಾರಿಸುತ್ತವೆ ಅನ್ನುವ ವಾದಕ್ಕೆ ಎಪ್ಪತ್ತು ವರ್ಷದ ಹಿನ್ನೆಲೆ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ವೋಚರ್ ಬಗ್ಗೆ ಬರೆದಿದ್ದರು: ಸರ್ಕಾರ ಹಣವನ್ನು ಶಾಲೆಗೆ ಕೊಡುವ ಬದಲು ಮಗುವಿನ ಹೆಸರಿಗೆ ಕೊಡಲಿ, ಪೋಷಕರು ಬೇಕಾದ ಶಾಲೆ ಆರಿಸಲಿ. ಚಿಲಿ ದೇಶ 1981ರಿಂದ, ಅಮೆರಿಕದ ಮಿಲ್ವಾಕಿ ನಗರ 1990ರಿಂದ ಇದನ್ನು ಮಾಡಿ ನೋಡಿವೆ.

ನಮಗೆ ಹೆಚ್ಚು ಹತ್ತಿರವಾದದ್ದು ಪಕ್ಕದ ಆಂಧ್ರದಲ್ಲಿ ನಡೆದ ಪ್ರಯೋಗ. ಅಲ್ಲಿ 180 ಹಳ್ಳಿಗಳಲ್ಲಿ ಲಾಟರಿ ಎತ್ತಿ ಸರ್ಕಾರಿ ಶಾಲೆಯ ಕೆಲವು ಮಕ್ಕಳನ್ನು ಉಚಿತವಾಗಿ ಖಾಸಗಿ ಶಾಲೆಗೆ ಸೇರಿಸಿದರು. ನಾಲ್ಕು ವರ್ಷ ಕಳೆದ ಮೇಲೆ ನೋಡಿದರೆ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪಿನ ಮಕ್ಕಳು ಸಮಸಮ. ಖಾಸಗಿ ಶಾಲೆಯವರು ಎದ್ದು ಕಾಣುವಷ್ಟು ಮುಂದಿದ್ದದ್ದು ಹಿಂದಿಯಲ್ಲಿ ಮಾತ್ರ. ಸರ್ಕಾರಿ ಶಾಲೆಯಲ್ಲಿ ಹಿಂದಿ ಪಾಠ ಇಲ್ಲದಷ್ಟು ಕಡಿಮೆ ಇದ್ದದ್ದು ಅದಕ್ಕೆ ಕಾರಣ. ಇನ್ನೊಂದು ಮುಖ ಏನೆಂದರೆ, ಖಾಸಗಿ ಶಾಲೆಗಳು ಅಷ್ಟೇ ಫಲಿತಾಂಶವನ್ನು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಖರ್ಚಿನಲ್ಲಿ ತಂದಿದ್ದವು. ಶಿಕ್ಷಕರಿಗೆ ಕೊಡುವ ಸಂಬಳ ತೀರಾ ಕಡಿಮೆ ಇದ್ದದ್ದರಿಂದ ಅದು ಸಾಧ್ಯವಾಗಿತ್ತು.

ಇದರಿಂದ ತಿಳಿಯುವುದಿಷ್ಟು. ಬೋರ್ಡು ಬದಲಾದ ಮಾತ್ರಕ್ಕೆ ಮಗುವಿನ ಕಲಿಕೆ ಬದಲಾಗುವುದಿಲ್ಲ. ಹಾಗಂತ ಪೋಷಕರು ಮೋಸ ಹೋಗುತ್ತಿದ್ದಾರೆ ಅನ್ನುವುದೂ ತಪ್ಪು. ಅವರು ನೋಡುವುದು ಬರೀ ಗಣಿತದ ಅಂಕ ಅಲ್ಲ. ಶಿಕ್ಷಕರು ದಿನಾ ಬರುತ್ತಾರಾ, ಶೌಚಾಲಯ ಸರಿ ಇದೆಯಾ, ಇಂಗ್ಲಿಷ್ ಕಿವಿಗೆ ಬೀಳುತ್ತದಾ, ಮಗುವನ್ನು ಸಂಜೆವರೆಗೆ ನೋಡಿಕೊಳ್ಳುತ್ತಾರಾ? ಕೂಲಿಗೆ ಹೋಗುವ ತಾಯಿಗೆ ಇವು ಸಣ್ಣ ಪ್ರಶ್ನೆಗಳಲ್ಲ.

ಮ್ಯಾಗ್ನೆಟ್ ಅನ್ನುವ ಪದ ಬಂದ ದಾರಿ

‘ಮ್ಯಾಗ್ನೆಟ್ ಶಾಲೆ’ ಅನ್ನುವ ಪದವೂ ಅಮೆರಿಕದ್ದೇ. 1960ರ ದಶಕದ ಕೊನೆಗೆ ಅಲ್ಲಿ ಕರಿಯರ ಮಕ್ಕಳು, ಬಿಳಿಯರ ಮಕ್ಕಳು ಬೇರೆ ಬೇರೆ ಬಡಾವಣೆಯ ಬೇರೆ ಬೇರೆ ಶಾಲೆಯಲ್ಲಿ ಓದುತ್ತಿದ್ದರು. ಬಲವಂತವಾಗಿ ಬಸ್ಸಿನಲ್ಲಿ ಸಾಗಿಸಿ ಮಕ್ಕಳನ್ನು ಬೆರೆಸಲು ಹೋದಾಗ ಜಗಳವಾಯಿತು. ಅದರ ಬದಲು, ಸಂಗೀತ, ವಿಜ್ಞಾನ ಅಂತ ವಿಶೇಷ ಪಾಠಗಳಿರುವ ಸರ್ಕಾರಿ ಶಾಲೆ ಕಟ್ಟೋಣ, ಆಸೆಪಟ್ಟು ಎಲ್ಲ ಕಡೆಯಿಂದ ಮಕ್ಕಳು ತಾವಾಗಿಯೇ ಬರಲಿ ಅಂದರು. ಆಯಸ್ಕಾಂತ ಎಳೆಯುವ ಹಾಗೆ. ಬರದೇ ಇರುವ ಸ್ವಾತಂತ್ರ್ಯವೂ ಇತ್ತು. ಮನೆ ಹತ್ತಿರದ ಶಾಲೆ ಅಲ್ಲೇ ಇರುತ್ತಿತ್ತು.

ನಮ್ಮಲ್ಲಿನ ಯೋಜನೆಯನ್ನು ಅಳೆಯಬೇಕಾದದ್ದು ಇದೇ ಅಳತೆಯಲ್ಲಿ. ದೊಡ್ಡ ಶಾಲೆಯನ್ನು ಚೆನ್ನಾಗಿ ಕಟ್ಟಿ, ಊರ ಶಾಲೆಯನ್ನೂ ಉಳಿಸಿ, ಯಾವುದು ಬೇಕೋ ಅದನ್ನು ನೀವೇ ಆರಿಸಿಕೊಳ್ಳಿ ಅಂದರೆ ಅದು ಆಯ್ಕೆ. ಊರ ಶಾಲೆಯ ಶಿಕ್ಷಕರನ್ನು ಮೊದಲೇ ಅಲ್ಲಿಗೆ ಕಳಿಸಿ, ಆಮೇಲೆ ಪೋಷಕರು ಒಪ್ಪಿದ್ದಾರೆ ಅಂದರೆ ಅದು ಆಯ್ಕೆ ಅಲ್ಲ. ಬೇರೆ ದಾರಿಯೇ ಇಲ್ಲದಾಗ ಒಪ್ಪಿಗೆ ಪತ್ರಕ್ಕೆ ಬೀಳುವ ಸಹಿಗೆ ಬೆಲೆ ಇಲ್ಲ.

ವಿಲೀನ ನಮ್ಮ ರಾಜ್ಯದಲ್ಲೇ ಮೊದಲಲ್ಲ. ರಾಜಸ್ಥಾನ 2014ರಿಂದ ಸಾವಿರಾರು ಶಾಲೆಗಳನ್ನು ಸೇರಿಸಿತು. ಉತ್ತರ ಪ್ರದೇಶ 2025ರ ಜೂನಿನಲ್ಲಿ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಜೋಡಿಸಲು ಆದೇಶಿಸಿತು. ವಿಷಯ ಅಲಹಾಬಾದ್ ಹೈಕೋರ್ಟಿಗೆ ಹೋಯಿತು, ಊರವರು ಬೀದಿಗಿಳಿದರು. ಕೊನೆಗೆ ಅಲ್ಲಿನ ಸರ್ಕಾರ, 50ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅಥವಾ 1 ಕಿಲೋಮೀಟರಿಗಿಂತ ದೂರವಾದರೆ ಸೇರಿಸುವುದಿಲ್ಲ ಅಂತ ಹೇಳಬೇಕಾಯಿತು.

ಪರ-ವಿರೋಧ: ಎರಡರಲ್ಲೂ ಹುರುಳಿದೆ

ವಿಲೀನದ ಪರ ಇರುವವರ ಮಾತಿನಲ್ಲಿ ಸತ್ಯ ಇದೆ. ತರಗತಿಗೊಬ್ಬ ಶಿಕ್ಷಕರು ಬೇಕಾದರೆ ಮಕ್ಕಳ ಸಂಖ್ಯೆ ಬೇಕು. ಮೈದಾನ, ಲೈಬ್ರರಿ, ಕಂಪ್ಯೂಟರ್, ಚಿತ್ರಕಲೆ ಶಿಕ್ಷಕರು ಹತ್ತು ಮಕ್ಕಳ ಶಾಲೆಗೆ ಸಿಗುವುದಿಲ್ಲ. ಆರೇಳು ಮಕ್ಕಳ ಜೊತೆ ಬೆಳೆಯುವ ಮಗುವಿಗೆ ಆಟಕ್ಕೂ ಜೊತೆಗಾರರಿಲ್ಲ.

ವಿರೋಧಿಸುವವರ ಮಾತಿನಲ್ಲೂ ಇದೆ. ಸಣ್ಣ ಶಾಲೆ ಅಂದರೆ ಕೆಟ್ಟ ಶಾಲೆ ಅಂತ ಅಲ್ಲ. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವ ನಲಿಕಲಿ ಪದ್ಧತಿ ಹುಟ್ಟಿದ್ದೇ ನಮ್ಮ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ, 1995ರ ಹೊತ್ತಿಗೆ. ಅದನ್ನು ನೋಡಲು ಹೊರರಾಜ್ಯದವರು ಬಂದರು. ಮನೆ ಹತ್ತಿರ ಇದ್ದ ಶಾಲೆ ನಾಲ್ಕು ಕಿಲೋಮೀಟರ್ ದೂರವಾದರೆ ಮೊದಲು ಮನೆಯಲ್ಲಿ ಉಳಿಯುವುದು ಹೆಣ್ಣುಮಗು, ಅಂಗವಿಕಲ ಮಗು, ಬೆಳಿಗ್ಗೆಯೇ ಕೂಲಿಗೆ ಹೋಗುವವರ ಮಗು. ಮಲೆನಾಡಿನಲ್ಲಿ ಹಳ್ಳ ದಾಟಬೇಕು. ಬಯಲುಸೀಮೆಯಲ್ಲಿ ಲಾರಿ ಓಡಾಡುವ ಹೆದ್ದಾರಿ ದಾಟಬೇಕು. ಪೋಷಕರಿರುವ ಶಾಲಾ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಾಗಿ ಶಾಲೆಗೆ ಬಂದು ಕೇಳುತ್ತಿದ್ದ ತಾಯಿ, ದೊಡ್ಡ ಊರಿನ ದೊಡ್ಡ ಶಾಲೆಯಲ್ಲಿ ಬಾಯಿ ತೆರೆಯುವುದು ಅಷ್ಟು ಸುಲಭ ಅಲ್ಲ.

ಕನ್ನಡದ ಪ್ರಶ್ನೆಯೂ ಇಲ್ಲೇ ಇದೆ. ಸಣ್ಣ ಊರ ಶಾಲೆಗಳು ಬಹುತೇಕ ಕನ್ನಡ ಮಾಧ್ಯಮದವು. ಕೆಪಿಎಸ್‌ಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳಿವೆ, ಬೇಡಿಕೆ ಜಾಸ್ತಿ ಇರುವುದೂ ಅದಕ್ಕೇ. ವಿಲೀನ ನಡೆದಷ್ಟೂ ಕನ್ನಡದಲ್ಲಿ ಕಲಿಯುವ ಮಕ್ಕಳು ಕಡಿಮೆಯಾಗುವ ಸಾಧ್ಯತೆ ಇದೆ. ಇತ್ತ ಸರ್ಕಾರವೇ ನೇಮಿಸಿದ್ದ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಐದನೇ ತರಗತಿವರೆಗಾದರೂ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಿರಲಿ ಅಂದಿದೆ. ವರದಿ ಒಂದು ದಿಕ್ಕಿಗೆ, ಯೋಜನೆ ಇನ್ನೊಂದು ದಿಕ್ಕಿಗೆ ಎಳೆಯುತ್ತಿವೆ.

ಮುಂದೆ ಏನಾಗಬಹುದು

ಮೊದಲು ಬರುವುದು ಕಾನೂನಿನ ತೊಡಕು. ಒಂದನೇ ತರಗತಿಯಿಂದ ಐದನೇ ತರಗತಿವರೆಗಿನ ಮಗುವಿಗೆ 1 ಕಿಲೋಮೀಟರ್ ಒಳಗೆ, ಎಂಟನೇ ತರಗತಿವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನುವುದು ಶಿಕ್ಷಣ ಹಕ್ಕಿನ ನಿಯಮಗಳ ಅಳತೆ. ವಿಲೀನದ ನಂತರ ಕಿರಿಯ ಪ್ರಾಥಮಿಕದ ಮಗು ಅದಕ್ಕಿಂತ ದೂರ ಹೋಗಬೇಕಾದರೆ ವಿಷಯ ಕೋರ್ಟ್ ಮೆಟ್ಟಿಲು ಹತ್ತುವುದು ಬಹುತೇಕ ಖಚಿತ.

ಆಗ 2019ರ ನಿಯಮವೂ ಅಲುಗಾಡುತ್ತದೆ. ಆರ್‌ಟಿಇ ಸೀಟಿನ ಮಟ್ಟಿಗೆ ನೆರೆಹೊರೆ ಅಂದರೆ ಹಳ್ಳಿಯಲ್ಲಿ ಆ ಊರಿನ ಎಲ್ಲೆ, ನಗರದಲ್ಲಿ ವಾರ್ಡು. ಸರ್ಕಾರಿ ಶಾಲೆ ಇದೆ ಅನ್ನುವ ಕಾರಣಕ್ಕೆ ಖಾಸಗಿ ಶಾಲೆಗೆ ವಿನಾಯಿತಿ ಸಿಕ್ಕಿತ್ತು. ಆ ಶಾಲೆ ಬೇರೆ ವಾರ್ಡಿಗೆ, ಬೇರೆ ಊರಿಗೆ ಹೋದರೆ ವಿನಾಯಿತಿಗೆ ಆಧಾರ ಉಳಿಯುವುದಿಲ್ಲ. ಪಟ್ಟಣಗಳಲ್ಲಿ ಪೋಷಕರು ಆರ್‌ಟಿಇ ಸೀಟು ಮತ್ತೆ ಕೇಳಬಹುದು, ಕೇಳಲು ನ್ಯಾಯವಾದ ಕಾರಣವೂ ಇರುತ್ತದೆ. ಹಳ್ಳಿಯಲ್ಲಿ ಸ್ಥಿತಿ ಇನ್ನೂ ಕಷ್ಟ. ಅಲ್ಲಿ ಹಕ್ಕು ಕಾಗದದ ಮೇಲೆ ವಾಪಸ್ ಬಂದರೂ ಆ ಊರಿನಲ್ಲಿ ಖಾಸಗಿ ಶಾಲೆಯೇ ಇರುವುದಿಲ್ಲ. ಊರ ಶಾಲೆಯೂ ಇಲ್ಲ, ಉಚಿತ ಸೀಟೂ ಇಲ್ಲ. ಈ ಎರಡು ನೀತಿಗಳ ನಡುವೆ ಸಿಕ್ಕಿಬೀಳುವುದು ಫೀಸು ಕಟ್ಟಲಾಗದ ಹಳ್ಳಿಯ ಮಗು. ಸರ್ಕಾರ ಇದನ್ನು ಒಂದೇ ಮೇಜಿನ ಮೇಲಿಟ್ಟು ಯೋಚಿಸಿದ ಹಾಗೆ ಕಾಣುವುದಿಲ್ಲ. ಈ ಲೇಖನದ ಮುಖ್ಯ ಆತಂಕ ಅದೇ.

ಎರಡನೆಯದು ಬಸ್ಸು. ವಾಹನ ವ್ಯವಸ್ಥೆ ಮಾಡುತ್ತೇವೆ ಅನ್ನುವುದು ಸರ್ಕಾರದ ಉತ್ತರ. ಅದು ಔದಾರ್ಯ ಅಲ್ಲ, ಕರ್ತವ್ಯ. ಹತ್ತಿರ ಶಾಲೆ ಇಲ್ಲದ ಮಕ್ಕಳಿಗೆ ಉಚಿತ ಸಾರಿಗೆಯಂಥ ವ್ಯವಸ್ಥೆ ಮಾಡಬೇಕು ಅಂತ ಕೇಂದ್ರದ 2010ರ ನಿಯಮಗಳಲ್ಲೇ ಇದೆ. ಕಟ್ಟಡಕ್ಕೆ ಸಾಲದ ದುಡ್ಡು ಒಮ್ಮೆ ಬರುತ್ತದೆ. ಬಸ್ಸಿಗೆ ಡೀಸೆಲ್, ಡ್ರೈವರ್, ರಿಪೇರಿ, ಜೊತೆಗೆ ಹೋಗುವ ಆಯಾ ಅಂತ ಪ್ರತಿ ತಿಂಗಳೂ ದುಡ್ಡು ಬೇಕು. ಮೊದಲ ಎರಡು ವರ್ಷ ಬಸ್ಸು ಓಡಿ ಮೂರನೇ ವರ್ಷ ಅನುದಾನ ನಿಂತರೆ, ಹಿಂದಿರುಗಲು ಊರಿನಲ್ಲಿ ಶಾಲೆ ಇರುವುದಿಲ್ಲ. ಕಿಟಕಿ-ಬಾಗಿಲು ಕಿತ್ತುಹೋದ ಕಟ್ಟಡದಲ್ಲಿ ಮತ್ತೆ ಶಾಲೆ ಶುರು ಮಾಡುವುದು, ನಡೆಯುತ್ತಿರುವ ಶಾಲೆಯನ್ನು ಉಳಿಸುವುದಕ್ಕಿಂತ ನೂರು ಪಟ್ಟು ಕಷ್ಟ.

ಬಸ್ಸು ಹತ್ತುವ ಅನಿವಾರ್ಯತೆ ಬಂದ ಮೇಲೆ ಇನ್ನೊಂದು ಬದಲಾವಣೆಯೂ ಆಗಬಹುದು. ಇಲ್ಲಿಯವರೆಗೆ ಸರ್ಕಾರಿ ಶಾಲೆಗಿದ್ದ ದೊಡ್ಡ ಅನುಕೂಲ ಅದು ಮನೆ ಹತ್ತಿರ ಇದೆ ಅನ್ನುವುದು. ಹೇಗೂ ಮಗು ಬಸ್ಸು ಹತ್ತಲೇಬೇಕು ಅಂದರೆ, ಸಾಲ ಮಾಡಿಯಾದರೂ ಖಾಸಗಿ ಶಾಲೆಯ ಬಸ್ಸಿಗೇ ಹತ್ತಿಸೋಣ ಅಂತ ಕೆಲವು ಮನೆಗಳು ತೀರ್ಮಾನಿಸಬಹುದು. ಕೆಪಿಎಸ್ ನಿಜಕ್ಕೂ ಚೆನ್ನಾಗಿದ್ದ ಕಡೆ ಹೀಗಾಗುವುದಿಲ್ಲ. ಬರೀ ಬಣ್ಣ ಹೊಡೆದು, ಶಿಕ್ಷಕರ ಹುದ್ದೆ ಖಾಲಿ ಬಿಟ್ಟ ಕಡೆ ಆಗುತ್ತದೆ.

ಹಾಗಾಗಿ ಊರಿಗೆ ವಿಲೀನದ ಪತ್ರ ಬಂದಾಗ ಪೋಷಕರು ಮತ್ತು ಎಸ್‌ಡಿಎಂಸಿಯವರು ಸಹಿ ಹಾಕುವ ಮೊದಲು ಕೇಳಬೇಕಾದ ವಿವರಗಳಿವೆ. ಹೊಸ ಶಾಲೆಯಲ್ಲಿ ಕಾಯಂ ಶಿಕ್ಷಕರ ಹುದ್ದೆ ಎಷ್ಟು, ಅದರಲ್ಲಿ ಈಗ ತುಂಬಿರುವುದು ಎಷ್ಟು? ಕನ್ನಡ ಮಾಧ್ಯಮ ಮುಂದುವರಿಯುತ್ತದೆಯೇ? ಮನೆಯಿಂದ ಶಾಲೆಗೆ ರಸ್ತೆಯಲ್ಲಿ ಅಳೆದರೆ ಎಷ್ಟು ದೂರ? ಬಸ್ಸಿನ ಹಣ ಯಾವ ಲೆಕ್ಕದಿಂದ, ಎಷ್ಟು ವರ್ಷಕ್ಕೆ? ಮೂರು ವರ್ಷದ ನಂತರ ಬೇಡ ಅನಿಸಿದರೆ ಊರ ಶಾಲೆ ಮತ್ತೆ ತೆರೆಯುತ್ತಾರೆಯೇ? ಜೊತೆಗೆ ಇನ್ನೊಂದು: ನಮ್ಮ ಊರು, ನಮ್ಮ ವಾರ್ಡು ‘ಸರ್ಕಾರಿ ಶಾಲೆ ಇರುವ ನೆರೆಹೊರೆ’ ಅನ್ನುವ ಪಟ್ಟಿಯಲ್ಲಿ ಇನ್ನೂ ಇರುತ್ತದೆಯೇ? ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಬಿಇಒ ಸಹಿ-ಮೊಹರು ಇರುವ ಕಾಗದದಲ್ಲಿ ಪಡೆಯಬೇಕು. ಶಾಲೆ ಶುರುವಾಗುವ ಜೂನ್ ಬರುವುದರೊಳಗೆ.